ಬಿಳಿ ಮಾಲು

ದೊಡ್ಡಗಾಜನೂರಿನ ರುದ್ರಸ್ವಾಮಿಯವರು ವರ್ಷಗಟ್ಟಲೆ ಮೂಳೆ ವ್ಯಾಪಾರ ಮಾಡಿದರೂ ಮೂಳೆ ಎಂಬ ಮಾತನ್ನು ಒಮ್ಮೆಯೂ ಬಾಯಲ್ಲಿ ಆಡಿದವರಲ್ಲ. ಎದೆಯ ಮೇಲೆ ಲಿಂಗ ಧರಿಸಿದವರು ಅಂಥ ಮಾತು ಆಡುವುದುಂಟೇ? ಅವರ ಬಾಯಲ್ಲಿ ಅದು ‘ಬಿಳಿ ಮಾಲು’. ಸತ್ತ ದನದ ಪಕ್ಕೆಲುಬು, ತಲೆಬುರುಡೆ, ಕೊಂಬು, ಗೊರಸು ಎಲ್ಲವೂ ಬಿಳಿ ಮಾಲೇ. ಜೀರಹಳ್ಳಿಯಾಚೆ ಕಾಡಂಚಿನಲ್ಲಿ, ಊರಿಗೆ ವಾಸನೆ ಬಡಿಯದಷ್ಟು ದೂರದಲ್ಲಿ, ಅದನ್ನು ಗುಡ್ಡೆ ಹಾಕುವ ಬಯಲಿತ್ತು. ಅಲ್ಲಿಗೆ ಬಂದರೆ ಅವರು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಮೊದಲು ನೋಡಿಕೊಂಡು, ದೂರದ ಹುಣಸೆ ಮರದಡಿ ನಿಂತು, ಅಂಗವಸ್ತ್ರವನ್ನು ಮೂಗಿಗೆ ಒತ್ತಿಕೊಂಡೇ ಮಾತಾಡುತ್ತಿದ್ದರು. ಮನೆಗೆ ಹೋಗಿ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡರೆ ವ್ಯಾಪಾರ ಮೈಯಿಂದ ಇಳಿದುಹೋಗುತ್ತಿತ್ತು.

ಕೈ ಹಾಕುವ ಕೆಲಸವೆಲ್ಲ ಗುಡ್ಡದ ಮೇಲಿನ ಪೋಡಿನ ಸೋಲಿಗರದು. ಪೋಡು ಎಂದರೆ ಬಿದಿರು ತಟ್ಟಿಯ ಒಂದಷ್ಟು ಗುಡಿಸಲು, ಸುತ್ತ ಒಂದಿಷ್ಟು ರಾಗಿ, ಅವರೆ. ಕಾಡು ಸವರಿ ಬೇಸಾಯ ಮಾಡಬಾರದೆಂದು ಫಾರೆಸ್ಟಿನವರು ಕಟ್ಟು ಮಾಡಿದ ಮೇಲೆ ಜೇನಿನ ಕಾಲ ಕಳೆದರೆ ಹೊಟ್ಟೆಗೆ ದಾರಿಯಿರಲಿಲ್ಲ. ಹಾಗಾಗಿ ಗಂಡಸರು ಹೆಂಗಸರು ಕಾಡೆಲ್ಲ ಸುತ್ತಿ, ಹುಲಿ ತಿಂದು ಬಿಟ್ಟದ್ದು, ಮುದಿಯಾಗಿ ಬಿದ್ದು ಸತ್ತದ್ದು ಎಲ್ಲದರ ಮೂಳೆ ಆಯ್ದು ಮಂಕರಿಯಲ್ಲಿ ಹೊತ್ತು ತರುತ್ತಿದ್ದರು. ಬಯಲಲ್ಲಿ ಕುಳಿತು ಸುತ್ತಿಗೆಯಿಂದ ಒಡೆದು ಚೀಲಕ್ಕೆ ತುಂಬುತ್ತಿದ್ದರು. ಕೆಳಗಿನ ನಾಡಿನ ಮಿಲ್ಲಿನಿಂದ ಲಾರಿ ಬಂದು ಹೊತ್ತೊಯ್ಯುತ್ತಿತ್ತು. ಅಲ್ಲಿ ಅದು ಹಿಟ್ಟಾಗಿ, ಗೊಬ್ಬರವಾಗಿ, ಯಾರದೋ ತೋಟ ಸೇರುತ್ತಿತ್ತು. ಒಡೆಯುವವರ ಮೂಗಿನಲ್ಲಿ ದೂಳು, ಕೈತುಂಬ ಗೀರು. ಒಮ್ಮೆ ಮಿಲ್ಲಿನವರಿಗೆ ಏನು ಧರ್ಮಬುದ್ಧಿ ಬಂತೋ, ದಪ್ಪ ಬಟ್ಟೆಯ ಕೈಗವಸುಗಳನ್ನು ಕಳಿಸಿದರು. ಅವು ರುದ್ರಸ್ವಾಮಿಯವರ ಮನೆಯಿಂದಾಚೆ ಬರಲೇ ಇಲ್ಲ. ಅವರ ಆಳುಗಳು ಕತ್ತಾಳೆ ಕೊಯ್ಯುವಾಗ ಹಾಕಿಕೊಳ್ಳುತ್ತಿದ್ದರಂತೆ, ಮುಳ್ಳು ಚುಚ್ಚುವುದಿಲ್ಲವೆಂದು ಬಹಳ ಹೊಗಳುತ್ತಿದ್ದರಂತೆ.

ಹಾಗೆಂದು ಪೋಡಿನವರು ಕಣ್ಣು ಮುಚ್ಚಿಕೊಂಡು ಆಯುತ್ತಿರಲಿಲ್ಲ. ಬೇಸಿಗೆ ಬಂದರೆ ಊರ ರೈತರು ದನಗಳನ್ನು ಕಾಡಿನ ದೊಡ್ಡಿಗಳಿಗೆ ಅಟ್ಟುತ್ತಾರೆ, ಕಾಯುವವರು ಪೋಡಿನವರೇ. ಅಲ್ಲಿ ದನವೊಂದು ಇದ್ದಕ್ಕಿದ್ದಂತೆ ಬಿದ್ದು, ಮೂಗಲ್ಲಿ ಬಾಯಲ್ಲಿ ಕಪ್ಪು ರಕ್ತ ಸುರಿದು ಸತ್ತರೆ ಅದು ನೆರಡಿ ರೋಗ. ನೆರಡಿಯ ಹೆಣವನ್ನು ಸುಲಿಯುವಂತಿಲ್ಲ, ತಿನ್ನುವಂತಿಲ್ಲ. ಉದ್ದನೆಯ ಬಿದಿರು ಗಳುವಿನ ತುದಿಯಿಂದ ಕೊರಳ ಗಂಟೆಯನ್ನಷ್ಟೇ ಕಿತ್ತು ಹತ್ತಿರದ ಮರಕ್ಕೆ ಕಟ್ಟಿ, ಹೆಣದ ಮೇಲೆ ಮುಳ್ಳು ಹೊದಿಸಿ ಬಂದುಬಿಡುತ್ತಾರೆ. ಆಮೇಲೆ ಎಷ್ಟು ವರ್ಷವಾಗಲಿ, ಗಂಟೆ ಕಟ್ಟಿದ ಮರದ ಕೆಳಗಿನ ಮೂಳೆಗೆ ಯಾರೂ ಕೈ ಹಾಕುವುದಿಲ್ಲ. ಗಂಟೆಯಿಲ್ಲದ ಕಡೆಯದನ್ನು ತರಬಹುದು. ಸರ್ಕಾರ ಮಾಡಿಕೊಡದ ಕಾನೂನನ್ನು ಅವರೇ ಮಾಡಿಕೊಂಡಿದ್ದರು, ಅದು ಅಲ್ಲಿಯವರೆಗೆ ಅವರನ್ನು ಕಾಪಾಡಿತ್ತು.

ಅದನ್ನು ಕೆಡಿಸಿದವರು ರುದ್ರಸ್ವಾಮಿಯವರು. ಅವರದೇ ಒಂದು ಎತ್ತು ಕಾಡಿನ ಹಳೆಯ ದೊಡ್ಡಿಯ ಹತ್ತಿರ ನೆರಡಿ ಬಂದು ಸತ್ತಿತ್ತು. ಅದನ್ನು ಕಾಯುತ್ತಿದ್ದ ಪೋಡಿನ ಮುದುಕ ರಾಚ ಪದ್ಧತಿಯಂತೆ ಗಂಟೆಯನ್ನು ಮರಕ್ಕೆ ಕಟ್ಟಿ ಬಂದು ಸುದ್ದಿ ಮುಟ್ಟಿಸಿದ. ಅದು ಕಂಚಿನ ಗಂಟೆ, ಅವರ ತಂದೆಯ ಕಾಲದ್ದು.

“ಎತ್ತು ಓಯ್ತು, ಓಗ್ಲಿ. ಗಂಟ ಯಾಕ ಕಾಡ್ನಲ್ಲಿ ತೂಗಾಡ್ಬೇಕು?” ಎಂದರು ರುದ್ರಸ್ವಾಮಿ. ಆಳನ್ನು ಕಳಿಸಿ ಬಿಚ್ಚಿ ತರಿಸಿ, ಹುಣಸೆಹಣ್ಣಿನಲ್ಲಿ ತಿಕ್ಕಿಸಿ ಇನ್ನೊಂದು ಎತ್ತಿನ ಕೊರಳಿಗೆ ಕಟ್ಟಿದರು. ಪೋಡಿನಲ್ಲಿ ಇದು ಯಾರಿಗೂ ತಿಳಿಯಲಿಲ್ಲ. ರಾಚ ಆ ಮಳೆಗಾಲದಲ್ಲೇ ತೀರಿಕೊಂಡ. ಮುಂದಿನ ಬೇಸಿಗೆಯ ಕಿಚ್ಚಿಗೆ ಹೊದಿಸಿದ್ದ ಮುಳ್ಳೂ ಉರಿದುಹೋಯಿತು. ಉಳಿದದ್ದು ದೊಡ್ಡಿಯ ಪಕ್ಕದ ಬಯಲಲ್ಲಿ ಬೆಳ್ಳಗೆ ಹರಡಿ ಬಿದ್ದ ಒಳ್ಳೆಯ ಮಾಲು.

ಅದನ್ನು ಹೊತ್ತು ತಂದವಳು ಕರಿಯನ ಹೆಂಡತಿ ಮಲ್ಲಮ್ಮ. ಗಟ್ಟಿ ಹೆಂಗಸು, ಬಾಯಿ ಅದಕ್ಕಿಂತ ಗಟ್ಟಿ. ರುದ್ರಸ್ವಾಮಿಯವರು ಹುಣಸೆ ಮರದಡಿ ನಿಂತು ಬಿಳಿ ಮಾಲು, ಬಿಳಿ ಮಾಲು ಎನ್ನುವಾಗ ಅವಳೊಬ್ಬಳೇ ತಿರುಗಿ ಹೇಳುತ್ತಿದ್ದಳು. “ಬುದ್ದೀ, ಒಂದ್ಸಲ ನೀವೂ ಒತ್ ನೋಡಿ, ಮೂಳ ಅನ್ನದು ತಾನಾಗೇ ಬಾಯಿಗ ಬತ್ತದ.” ಸುತ್ತಿಗೆ ಹಿಡಿದವರೆಲ್ಲ ತಲೆ ತಗ್ಗಿಸಿ ನಗುತ್ತಿದ್ದರು. ಕರಿಯನಿಗೆ ಮಾತ್ರ ಎಲ್ಲಿ ಕೆಲಸ ಹೋಗುತ್ತದೋ ಎಂಬ ಭಯ. ಆದರೆ ಮನೆಗೆ ಹೋಗುವ ದಾರಿಯಲ್ಲಿ ಅವನೂ ಅದನ್ನು ನೆನೆನೆನೆದು ನಗುತ್ತಿದ್ದ.

ಆ ದಿನ ಮಂಕರಿ ತಲೆಯಿಂದ ಇಳಿಸುವಾಗ ಪಕ್ಕೆಲುಬಿನ ತುದಿಯೊಂದು ಅವಳ ಕೊರಳ ಪಕ್ಕ ಗೀರಿತು. ಅರಿಸಿನ ಮೆತ್ತಿಕೊಂಡಳು. ಎರಡು ಮೂರು ದಿನಕ್ಕೆ ಅಲ್ಲಿ ಒಂದು ಗುಳ್ಳೆ ಎದ್ದಿತು, ತುರಿಸಿತು, ನೀರು ತುಂಬಿಕೊಂಡು ಒಡೆಯಿತು. ಒಡೆದ ಜಾಗ ಇದ್ದಿಲಿನಷ್ಟು ಕಪ್ಪಾಯಿತು. ಸುತ್ತ ಬಾವು ಬಂದು ಕೊರಳು ಗದ್ದ ಒಂದಾಗತೊಡಗಿತು. ವಿಚಿತ್ರವೆಂದರೆ ನೋವಿರಲಿಲ್ಲ.

“ನೋವೇ ಇಲ್ಲ ಕಣ. ನೋಯ್ದೆ ಇರ ಉಣ್ಣ್‌ಗ ಯಾಕ ಎದ್ರಬೇಕು?” ಎಂದಳು ಮಲ್ಲಮ್ಮ. ಮರುದಿನ ಜ್ವರ ಏರಿತು. ಗಂಜಿ ಗಂಟಲಲ್ಲಿ ಇಳಿಯಲಿಲ್ಲ.

ಆಸ್ಪತ್ರೆಗೆ ಹೋಗೋಣವೆಂದು ಕರಿಯ ಅಂದದ್ದೇ ತಪ್ಪಾಯಿತು. ಅದು ಎಮರ್ಜೆನ್ಸಿಯ ಕಾಲ. ಪೇಟೆಯ ಸರ್ಕಾರಿ ಆಸ್ಪತ್ರೆಯ ಮುಂದೆ ಬಾಗಿಲಿಗೆ ಕೆಂಪು ತ್ರಿಕೋನ ಬರೆದ ಜೀಪು ನಿಂತಿರುತ್ತಿತ್ತು. ಮಕ್ಕಳಾಗದಂತೆ ಆಪರೇಷನ್ ಮಾಡಿಸುವ ಜೀಪು. ಪೋಡಿನ ಪುಟ್ಟಮಾದ ಸಂತೆಗೆ ಹೋದವನು ಆ ಜೀಪು ಹತ್ತಿ, ಇನಾಮಿಗೆ ಕೊಟ್ಟ ಒಂದು ಪ್ಲಾಸ್ಟಿಕ್ ಬಕೆಟ್ಟು ಹಿಡಿದುಕೊಂಡು ಕಾಲಗಲಿಸಿ ನಡೆಯುತ್ತ ಬಂದಿದ್ದ. ಅವನಿಗಿನ್ನೂ ಮದುವೆಯೇ ಆಗಿರಲಿಲ್ಲ. ಅಂದಿನಿಂದ ಆ ಜೀಪಿನ ಸದ್ದು ದೂರದಲ್ಲಿ ಕೇಳಿದರೂ ಪೋಡು ಖಾಲಿ. ಆನೆ ಬಂದರೂ ಅಷ್ಟು ಓಡುತ್ತಿರಲಿಲ್ಲ.

“ನಮ್ ಅಕ್ಕನ್ನ ಅಲ್ಗ ಕಳ್ಸಲ್ಲ ಕಣ್ ಬಾವ. ಇನ್ನೂ ಒಂದೂ ಉಟ್ನಿಲ್ಲ ಅವ್ಳ್‌ಗ. ಜರ ಅಂತ ಓದ್ರ ಒಟ್ಟ ಕೊಯ್ದು ಕಳಿಸ್ತಾರ” ಎಂದು ಅಡ್ಡ ನಿಂತವನು ಮಲ್ಲಮ್ಮನ ತಮ್ಮ ಚಿಕ್ಕಬೊಮ್ಮ. ತಾಯಿ ಸತ್ತ ಮೇಲೆ ಅಕ್ಕನ ಕೈಯಲ್ಲೇ ಬೆಳೆದವನು, ಅಕ್ಕನೆಂದರೆ ಜೀವ. ಮಲ್ಲಮ್ಮನೂ ತಲೆಯಾಡಿಸಿದಳು. ಒಂದು ಮಗು ಆಗಲಿ ಎಂದು ಎಷ್ಟು ದೇವರಿಗೆ ಹರಕೆ ಹೊತ್ತಿದ್ದಳೋ.

ಕರಿಯ ವಾದ ಮಾಡಲಿಲ್ಲ. ನಾಟಿ ಮದ್ದು ತರುತ್ತೇನೆಂದು ಹೇಳಿ ಬೆಳಗಾಗುತ್ತಲೇ ಎದ್ದು, ಒಬ್ಬನೇ ಪೇಟೆಯ ಆಸ್ಪತ್ರೆಗೆ ನಡೆದ.

ಮಾತು ಕನ್ನಡವಾದರೂ ಆ ಸೀಮೆ ಸೇರಿದ್ದು ತಮಿಳರ ಸರ್ಕಾರಕ್ಕೆ; ಡಾಕ್ಟರು ಘಾಟಿಯ ಕೆಳಗಿನ ನಾಡಿನ ಹುಡುಗ, ಕೆಲಸಕ್ಕೆ ಹೊಸಬ. ತಮಿಳಿನಲ್ಲೇ ಕೇಳಿದರು, ಕರಿಯ ಗೊತ್ತಿದ್ದ ತಮಿಳಿನಲ್ಲಿ ಹೇಳಿದ. ಗಾಯ ಕಪ್ಪಗಿದೆಯಾ? ಇದೆ. ನೋವು? ಇಲ್ಲ. ಏನು ಕೆಲಸ ಮಾಡುತ್ತಾಳೆ? ಮೂಳೆ ಆಯುತ್ತಾಳೆ. ಅಷ್ಟು ಕೇಳಿದ್ದೇ ಡಾಕ್ಟರು ಕುರ್ಚಿ ಬಿಟ್ಟು ಎದ್ದರು.

“ಇದು ದನದ ರೋಗ. ಮೂಳೆಯಿಂದ ಬಂದಿದೆ. ಇದಕ್ಕೆ ಪೆನಿಸಿಲಿನ್ ಇಂಜೆಕ್ಷನ್ ಇದೆ, ನಮ್ಮಲ್ಲೇ ಇದೆ. ಇವತ್ತು ಚುಚ್ಚಿದರೆ ಬದುಕುತ್ತಾಳೆ. ಬಾವು ಗಂಟಲು ಕಟ್ಟುವುದರೊಳಗೆ ಚುಚ್ಚಬೇಕು” ಎಂದರು. ಕರಿಯ ಅಲ್ಲೇ ನೆಲಕ್ಕೆ ಕುಳಿತು ಅತ್ತುಬಿಟ್ಟ. ಬದುಕುತ್ತಾಳೆ ಎಂಬ ಮಾತನ್ನು ಅವನು ಅಂದು ನಿರೀಕ್ಷಿಸಿರಲಿಲ್ಲ.

ಆಸ್ಪತ್ರೆಗೆ ಇದ್ದದ್ದು ಅದೊಂದೇ ಜೀಪು. ಡಾಕ್ಟರು ಮದ್ದಿನ ಪೆಟ್ಟಿಗೆ ಹಿಡಿದು ಹತ್ತಿದರು. ಜೊತೆಗೆ ಕಾಂಪೌಂಡರ್ ನಂಜಪ್ಪನೂ ಹತ್ತಿದ. ಅವನು ದೊಡ್ಡಗಾಜನೂರಿನವನೇ, ಕನ್ನಡದವನು. ಕರಿಯ ಮಾತ್ರ ಬಾಗಿಲ ಮೇಲಿನ ಕೆಂಪು ತ್ರಿಕೋನ ನೋಡುತ್ತ ನಿಂತ.

“ನಂಜಪ್ನೋರೇ, ಈ ಗಾಡಿ ಬ್ಯಾಡಿ. ಇದ ಕಂಡ್ರ ಒಬ್ರೂ ನಿಲ್ಲಲ್ಲ, ಓಡೋಯ್ತಾರ.”

ನಂಜಪ್ಪ ಅದನ್ನು ತಮಿಳಿನಲ್ಲಿ ಹೇಳಿದ. ನಡೆದು ಹೋದರೆ ಮಧ್ಯಾಹ್ನ ದಾಟುತ್ತದೆ, ಅಷ್ಟು ಹೊತ್ತು ಅವಳಿಗೆ ಇದೆಯೋ ಇಲ್ಲವೋ ಎಂದರು ಡಾಕ್ಟರು. ಅವರ ಮಾತೂ ಸುಳ್ಳಲ್ಲ, ಕರಿಯನ ಮಾತೂ ಸುಳ್ಳಲ್ಲ. ಕೊನೆಗೆ ಒಂದು ದಾರಿ ಹುಡುಕಿದರು. ಜೀರಹಳ್ಳಿಯ ಹತ್ತಿರ ಕರಿಯ ಇಳಿದು ಮುಂದೆ ಓಡಿ ಪೋಡಿಗೆ ಸುದ್ದಿ ಕೊಡಬೇಕು, ಜೀಪು ನಿಧಾನವಾಗಿ ಹಿಂದೆ ಬರಬೇಕು. ಕೂತು ಯೋಚಿಸಿದವರಿಗೆ ಸರಿಯಾಗಿಯೇ ಕಾಣುವ ಉಪಾಯ.

ಆದರೆ ಗುಡ್ಡದಲ್ಲಿ ಸದ್ದು ಮನುಷ್ಯನಿಗಿಂತ ಬೇಗ ಹತ್ತುತ್ತದೆ. ಜೀಪು ಜೀರಹಳ್ಳಿಯ ಏರಿನಲ್ಲಿ ಗುರ್ರೆಂದಾಗಲೇ ಮೇಲೆ ಕೇಳಿಸಿತ್ತು. ಕರಿಯ ಏದುಸಿರು ಬಿಡುತ್ತ ಪೋಡು ಮುಟ್ಟಿದಾಗ ಒಲೆಗಳಲ್ಲಿ ಬೆಂಕಿ ಉರಿಯುತ್ತಿತ್ತು, ಮಡಕೆಯಲ್ಲಿ ಹಿಟ್ಟು ಕುದಿಯುತ್ತಿತ್ತು, ಜನ ಇರಲಿಲ್ಲ. ಅವನ ಗುಡಿಸಲಲ್ಲಿ ಚಾಪೆ ಖಾಲಿ. ಹೊದ್ದಿದ್ದ ಕಂಬಳಿಯೂ ಇಲ್ಲ. ಕಂಬಳಿಯನ್ನು ಗಳುವಿಗೆ ಕಟ್ಟಿ ಜೋಲಿ ಮಾಡಿ ಅವಳನ್ನು ಹೊತ್ತುಕೊಂಡು ಹೋಗಿದ್ದಾರೆಂದು ನೋಡಿದೊಡನೆ ತಿಳಿಯಿತು.

“ಮಲ್ಲೀ! ನಾನು ಕಣ, ಕರಿಯ! ವಾಪಸ್ ಬನ್ನಿ! ಒಂದೇ ಸೂಜಿ ಕಣ, ಒಂದ್ ಸೂಜಿ ಚುಚ್ತಾರ ಅಷ್ಟೆ!” ಎಂದು ಕೂಗಿದ. ಸೂಜಿಯ ಮಾತು ಕೇಳಿದ ಮೇಲೆ ಅಡಗಿದ್ದವರು ಇನ್ನೂ ದೂರ ಹೋದರು.

ಡಾಕ್ಟರು ಜೀಪಿನ ಬಳಿಯೇ ನಿಂತರು. ನಂಜಪ್ಪ ಮದ್ದಿನ ಪೆಟ್ಟಿಗೆ ಹಿಡಿದು ಕರಿಯನ ಜೊತೆ ಕಾಡು ಹೊಕ್ಕ. ಮಳೆಗಾಲದಲ್ಲಿ ಪೋಡಿನವರು ತಂಗುವ ಗವಿಯೊಂದಿತ್ತು, ಕರಿಯ ಅಲ್ಲಿಗೆ ಓಡಿದ. ಅಲ್ಲಿ ಅವರು ಕೂತೆದ್ದ ಗುರುತಿತ್ತು, ಹಸಿ ಸೊಪ್ಪು ಹಾಸಿದ್ದರು, ಒಂದು ಸೋರೆಬುರುಡೆ ನೀರನ್ನು ಮರೆತು ಬಿಟ್ಟು ಹೋಗಿದ್ದರು. ಸರ್ಕಾರದವರು ಕರಿಯನನ್ನು ಹಿಡಿದಿದ್ದಾರೆ, ಅವನ ಕೈಯಲ್ಲೇ ಕೂಗಿಸುತ್ತಿದ್ದಾರೆ ಎಂದು ಅವರು ತೀರ್ಮಾನಿಸಿದ್ದರು. ಕರಿಯನಿಗೆ ಗೊತ್ತಿರುವ ಜಾಗ ಇನ್ನು ಅವರಿಗೆ ಅಡಗುವ ಜಾಗವೇ ಅಲ್ಲ. ಜೇನು ಕೀಳುವ ಬಂಡೆ, ಹಳ್ಳದ ಬಿದಿರು ಮೆಳೆ, ಹಳೆಯ ದೊಡ್ಡಿ, ಹೋದ ಕಡೆಯೆಲ್ಲ ಅವರು ಇರಲಿಲ್ಲ. ಗಂಡನಿಗೆ ಗೊತ್ತಿಲ್ಲದ ಜಾಗ ಹುಡುಕಿ ಹುಡುಕಿ ಹೆಂಡತಿಯನ್ನು ಹೊತ್ತು ತಿರುಗುತ್ತಿದ್ದರು.

ಹಾದಿಯಲ್ಲಿ ನಂಜಪ್ಪ ಕೇಳಿದ, ಆ ಮೂಳೆ ಎಲ್ಲಿಯದು ಎಂದು. ಹಳೆಯ ದೊಡ್ಡಿಯ ಪಕ್ಕದ ಬಯಲಿನದು, ಅಲ್ಲಿ ಯಾವ ಮರದಲ್ಲೂ ಗಂಟೆಯಿರಲಿಲ್ಲ ಎಂದ ಕರಿಯ. ನಂಜಪ್ಪ ನಡೆಯುವುದನ್ನು ನಿಲ್ಲಿಸಿದ. ರುದ್ರಸ್ವಾಮಿಯವರ ಮನೆಯ ಅಂಗಳದಲ್ಲಿ, ಆ ದೊಡ್ಡಿಯ ಮರದಿಂದ ಬಿಚ್ಚಿ ತಂದ ಕಂಚಿನ ಗಂಟೆ ತಿಕ್ಕುತ್ತಿದ್ದುದನ್ನು ಅವನು ಕಣ್ಣಾರೆ ನೋಡಿದ್ದ. ಅಲ್ಲೇ ಹೇಳಿದ. ಕರಿಯ ಕೇಳಿಸಿಕೊಂಡು ಮುಂದೆ ನಡೆದ. ಸಿಟ್ಟು ಮಾಡಲು ಅವನಿಗೆ ಆಗ ಬಿಡುವಿರಲಿಲ್ಲ.

ಸಂಜೆಯಾಯಿತು. ಆನೆ ಇಳಿಯುವ ಹೊತ್ತು, ಜೀಪು ಹಿಂತಿರುಗಲೇಬೇಕು. ಡಾಕ್ಟರು ಒಂದಷ್ಟು ಮಾತ್ರೆ ಕೊಟ್ಟು, ಸಿಕ್ಕಿದ ಕೂಡಲೇ ನುಂಗಿಸು, ಯಾವ ಹೊತ್ತಾದರೂ ಸರಿ ಹೊತ್ತುಕೊಂಡು ಬಾ ಎಂದರು. ಅವರ ಕಣ್ಣೂ ಒದ್ದೆಯಾಗಿತ್ತು. ಆ ಮೂಳೆ ಗುಡ್ಡೆಗೆ ನಾಳೆಯೇ ಬೆಂಕಿ ಹಾಕಿಸುತ್ತೇನೆ ಎಂದೂ ಹೇಳಿದರು. ಪಾಪ, ಹೊಸಬರು. ಹೋಗುವ ದಾರಿಯಲ್ಲಿ ರುದ್ರಸ್ವಾಮಿಯವರನ್ನು ಕಂಡು ವಿಷಯ ತಿಳಿಸಿದರು. ರುದ್ರಸ್ವಾಮಿಯವರು ಕೈಮುಗಿದು, ಖಂಡಿತ ಸುಡಿಸಿ ಎಂದರು. ಲಾರಿಗೆ ಹೇಳಿಕಳಿಸಿ ಬೆಳಕು ಹರಿಯುವುದರೊಳಗೆ ಇದ್ದ ಮಾಲನ್ನೆಲ್ಲ ಘಾಟಿ ಇಳಿಸಿಬಿಟ್ಟರು. ಕೆಳಗೆ ಮಿಲ್ಲಿನಲ್ಲಿ ಅದನ್ನು ಯಾರು ಕೈಯಾರೆ ಸುರಿದರೋ, ಯಾರ ಮೂಗಿಗೆ ಅದರ ದೂಳು ಹೋಯಿತೋ, ಕೇಳಿದವರಿಲ್ಲ.

ಮರುದಿನ ಬೆಳಿಗ್ಗೆ ಅವರಾಗಿಯೇ ಬಂದರು. ಕರಿಯ ಗುಡಿಸಲ ಮುಂದೆ ಕೂತಿದ್ದ, ಮಾತ್ರೆಯ ಪೊಟ್ಟಣ ಕೈಯಲ್ಲೇ ಇತ್ತು. ಮುಂದೆ ಚಿಕ್ಕಬೊಮ್ಮ, ಹಿಂದೆ ಪುಟ್ಟಮಾದ, ನಡುವೆ ಗಳು, ಗಳುವಿನಲ್ಲಿ ಕಂಬಳಿ. ಯಾರ ಕಾಲಿನಲ್ಲೂ ಆತುರವಿರಲಿಲ್ಲ. ಅದನ್ನು ಕಂಡೇ ಕರಿಯನಿಗೆ ಗೊತ್ತಾಯಿತು.

ಗಳು ಇಳಿಸಿ ಚಿಕ್ಕಬೊಮ್ಮ ಬಂದು ಭಾವನ ಎರಡೂ ಕೈ ಹಿಡಿದುಕೊಂಡ.

“ಬಾವ, ನಿನ್ ಎಂಡ್ರ ಅವ್ರ ಕೈಗ ಕೊಡ್ನಿಲ್ಲ ಬಾವ. ಕೊಡ್ನಿಲ್ಲ.” ಅಳುತ್ತಲೇ ಹೇಳಿದ. “ಗವಿ ಮ್ಯಾಲ್ಗಡ ಇದ್ದೋ. ನೀ ಕೂಗುದ್ದು ಕೇಳ್ತು. ಅಕ್ಕ ಓಗೊಳ್ಳಕ್ಕ ಬಾಯ್ ತಗುದ್ಲು. ನಾನೇ ಕೈ ಅಡ್ಡ ಮಡುಗ್ದೆ. ಉಸ್ರು ಕಟ್ತಿತ್ತು ಅವ್ಳ್‌ಗ, ಆದ್ರೂವೆ ಸದ್ದು ಮಾಡ್ನಿಲ್ಲ.”

ಕರಿಯ ಅವನ ಕೈಯನ್ನೇ ನೋಡಿದ. ಚಿಕ್ಕಬೊಮ್ಮ ದನಿ ತಗ್ಗಿಸಿ, ಭಾವನ ಸೊಂಟದ ಕಡೆ ನೋಡುತ್ತ ಕೇಳಿದ. “ನಿನ್ಗ ಮಾಡ್ಬುಟ್ರಾ ಬಾವ?”

ಉತ್ತರ ಹೇಳಲು ಕರಿಯನಿಗೆ ಒಂದು ಉಸಿರೆಳೆಯುವಷ್ಟು ಹೊತ್ತು ಸಿಕ್ಕಿತು. ಇಲ್ಲ ಎಂದರೆ ಜೀಪು ಯಾಕೆ ಬಂದಿತ್ತೆಂದು ಹೇಳಬೇಕು. ಒಂದು ಸೂಜಿಯಲ್ಲಿ ನಿನ್ನ ಅಕ್ಕ ಬದುಕುತ್ತಿದ್ದಳು, ಅದು ಗವಿಯ ಬಾಗಿಲವರೆಗೆ ಬಂದಿತ್ತು, ಆಗ ನೀನು ಅವಳ ಬಾಯಿ ಮುಚ್ಚಿದ್ದೆ ಎಂದು ಹೇಳಬೇಕು. ಹೇಳಿದರೆ ಈ ಹುಡುಗ ಸಂಜೆಯೊಳಗೆ ಯಾವುದಾದರೂ ಮರಕ್ಕೆ ನೇತು ಬೀಳುತ್ತಾನೆ. ಮಲ್ಲಮ್ಮ ಎತ್ತಿ ಆಡಿಸಿದ ಮಗು ಎಂದರೆ ಇದೊಂದೇ.

“ಊಂ ಕಣ್ಲಾ,” ಎಂದ ಕರಿಯ. “ಮಾಡ್ಬುಟ್ರು.”

ಸುತ್ತ ನಿಂತವರು ಲೊಚಗುಟ್ಟಿದರು. ಚಿಕ್ಕಬೊಮ್ಮ ಅವನನ್ನು ತಬ್ಬಿಕೊಂಡು ಗೋಳೋ ಎಂದ. ಅಳು ಸ್ವಲ್ಪ ಇಳಿಯಲೆಂದು ಕಾದು ಕರಿಯ ಎಲ್ಲರಿಗೂ ಕೇಳುವಂತೆ ಹೇಳಿದ.

“ಆ ಹಳೇ ದೊಡ್ಡಿ ಬಯಲ್ನಿಂದ ತಂದ ಮೂಳ ನೆರಡಿ ಮೂಳ. ಅದ್ರಿಂದ್ಲೇ ಇವ್ಳ್‌ಗ ಬಂದದ್ದು. ಇನ್ ಯಾರೂ ಅಲ್ಗ ಓಗ್ಬ್ಯಾಡಿ.”

“ಗಂಟ ಇರ್ನಿಲ್ವಲ್ಲ ಅಲ್ಲಿ? ನೆರಡಿ ಅಂತ ಯಾರೇಳುದ್ರು?” ಎಂದ ಪುಟ್ಟಮಾದ.

“ಡಾಕ್ಟ್ರು.”

“ನಿನ್ನ ಕೊಯ್ದ ಡಾಕ್ಟ್ರಾ?”

ಪುಟ್ಟಮಾದ ಪಕ್ಕಕ್ಕೆ ತಿರುಗಿ ಉಗಿದ. ಆ ಡಾಕ್ಟರ ಮಾತನ್ನು ಅಲ್ಲಿ ನಂಬುವವರಿರಲಿಲ್ಲ. ರುದ್ರಸ್ವಾಮಿಯವರ ಗಂಟೆಯ ಮಾತು ಕರಿಯನ ಬಾಯಿಗೆ ಬಂದಿತ್ತು. ಅದನ್ನು ಹೇಳಿದರೆ ನಂಜಪ್ಪನ ಹೆಸರು ಹೇಳಬೇಕಾಗುತ್ತಿತ್ತು, ಅವನೂ ಅದೇ ಜೀಪಿನಲ್ಲಿ ಬಂದವನೇ. ಹಳೆಯ ದೊಡ್ಡಿಯ ಬಯಲಿನಲ್ಲಿ ಇನ್ನೂ ಒಂದೆರಡು ಮಂಕರಿಯಷ್ಟು ಮೂಳೆ ಬಿದ್ದಿತ್ತು. ಮುಂದಿನ ವಾರ ಯಾರೋ ಹೋಗಿ ತರುತ್ತಾರೆಂದು ಅಲ್ಲಿ ಕರಿಯನೊಬ್ಬನಿಗೇ ಗೊತ್ತಿತ್ತು. ಅವನು ಒಂದು ಜೀವ ಉಳಿಸಿಕೊಂಡಿದ್ದ, ಇನ್ನೊಂದನ್ನು ಯಾರದೆಂದು ಗೊತ್ತಿಲ್ಲದೆ ಬಿಟ್ಟುಕೊಟ್ಟಿದ್ದ.

ಗುಂಡಿ ತೋಡಿಯಾಯಿತು. ಗಳು ಎತ್ತುವ ಹೊತ್ತಿಗೆ ಕರಿಯ ಹೆಂಡತಿಯ ತಲೆಯ ಕಡೆ ಹೆಗಲು ಕೊಡಲು ಬಾಗಿದ. ಪುಟ್ಟಮಾದ ಮೆಲ್ಲಗೆ ಅವನ ರಟ್ಟೆ ಹಿಡಿದು ಎಬ್ಬಿಸಿದ.

“ನೀ ಎತ್ಬ್ಯಾಡ ಕಣಣ್ಣ. ಕೊಯ್ಸ್ಕಂಡವ್ರು ಭಾರ ಎತ್ಬಾರ್ದು, ಒಲಿಗ ಬಿಚ್ಕತ್ತದ. ನನ್ಗ ಗೊತ್ತು.”

“ನಾನ್ ಎತ್ತೀನಿ ಬಾವ, ನೀನು ಮೆಲ್ಗ ಬಾ,” ಎಂದು ಚಿಕ್ಕಬೊಮ್ಮ ತಲೆಯ ಕಡೆ ಹೆಗಲು ಕೊಟ್ಟ.

ಗಳು ಮೇಲೆದ್ದು ಮುಂದೆ ಹೋಯಿತು. ಕರಿಯ ಒಂದೆರಡು ಹೆಜ್ಜೆ ಬೇಗ ಬೇಗ ಇಟ್ಟ. ಆಮೇಲೆ ಯಾರಾದರೂ ನೋಡಿಯಾರೆಂದು ನೆನಪಾಗಿ, ಕಾಲಗಲಿಸಿ ಕುಂಟುತ್ತ, ಬರಿಗೈಯಲ್ಲಿ ಹೆಂಡತಿಯ ಹಿಂದೆ ನಡೆದ.